ಕ್ಯಾಚರ್ ಅಲೋಯ್ಸನ ಕೈ, ರೋಲಿಯ ಬ್ಯಾಟು

ಪೀಟರ್ ವೋಗೆಲ್ ತನ್ನ ಮಾಂಸದಂಗಡಿಯಲ್ಲಿ ಸಾಸೇಜಿಗೆ ಗಂಟು ಹಾಕುತ್ತಿದ್ದವನು ಇದ್ದಕ್ಕಿದ್ದಂತೆ ಕುಸಿದುಬಿದ್ದ ದಿನ ಸೇಂಟ್ ಓಡಿಲಾದ ಜನ ಮೊದಲು ಕೇಳಿದ್ದು, "ಜೀವ ಇದೆಯಾ?" ಅಂತ. ಇದೆ ಅಂತ ಗೊತ್ತಾದ ಮೇಲೆ ಕೇಳಿದ್ದು, "ಹಾಗಾದ್ರೆ ಭಾನುವಾರ ಟೀಮು ನೋಡ್ಕೊಳ್ಳೋರು ಯಾರು?" ಅಂತ. ಇದು ಕಟುಕತನವಲ್ಲ. ಮಿನೆಸೋಟಾದ ಆ ಹಳ್ಳಿಯಲ್ಲಿ ಬೇಸಿಗೆಯೆಂದರೆ ಹುಲ್ಲು ಕೊಯ್ಲು, ಭಾನುವಾರದ ಪೂಜೆ, ಪೂಜೆ ಮುಗಿದ ಮೇಲೆ ಬೇಸ್‌ಬಾಲ್. ಆ ವರ್ಷ ಟೀಮು ಎಂದೂ ಇಲ್ಲದ ಹಾಗೆ ಗೆಲ್ಲುತ್ತಿತ್ತು. ಇನ್ನೊಂದೇ ಆಟ ಗೆದ್ದರೆ ರಾಜ್ಯದ ಪಂದ್ಯಾವಳಿ.

ವೋಗೆಲನ ಬಾಯಿ ಒಂದು ಕಡೆಗೆ ವಾಲಿತ್ತು, ಮಾತು ತೊದಲುತ್ತಿತ್ತು. ಮಂಚದ ಸುತ್ತ ನಿಂತ ಆಟಗಾರರನ್ನು ಒಬ್ಬೊಬ್ಬರನ್ನಾಗಿ ನೋಡಿ, ಸ್ವಾಧೀನವಿದ್ದ ಕೈಯನ್ನೆತ್ತಿ ಅಲೋಯ್ಸ್ ಥೀಲೆನ್ ಕಡೆ ತೋರಿಸಿದ. "ನೀ... ನೀನೇ."

ಅಲೋಯ್ಸ್ ತನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ.

ಅವನು ಊರಿನ ಡೇರಿಯಲ್ಲಿ ಬೆಣ್ಣೆ ತೆಗೆಯುವವನು. ಬೆಳಿಗ್ಗೆ ರೈತರು ತಂದಿಳಿಸುವ ಹಾಲಿನ ಕ್ಯಾನುಗಳನ್ನು ಎತ್ತಿ ಎತ್ತಿ ಅವನ ತೋಳುಗಳು ಹಗ್ಗದ ಹಾಗೆ ಹುರಿಗಟ್ಟಿದ್ದವು. ಮೀಸೆ ಚಿಗುರುವ ವಯಸ್ಸಿನಿಂದ ಅವನು ಟೀಮಿನ ಕ್ಯಾಚರ್. ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಪಿಚರ್ ಎಸೆದ ಚೆಂಡನ್ನೆಲ್ಲ ಹಿಡಿಯುವ ಕೆಲಸ. ಯಾವ ಚೆಂಡು ಎಸೆಯಬೇಕೆಂದು ಬೆರಳಲ್ಲಿ ಸನ್ನೆ ಮಾಡುವವನೂ ಅವನೇ. ಮಂಡಿ ಎರಡೂ ಸವೆದಿದ್ದವು, ಇಗರ್ಜಿಯಲ್ಲಿ ಮೊಣಕಾಲೂರಿದಾಗ ಅವು ಕಟಕಟ ಅನ್ನುವುದು ಹಿಂದಿನ ಬೆಂಚಿಗೂ ಕೇಳುತ್ತಿತ್ತು. ಆದರೆ ಅವನ ಕೈ ಮೀರಿ ಚೆಂಡು ಹೋದದ್ದನ್ನು ಕಂಡವರು ಕಡಿಮೆ.

ಬ್ಯಾಟು ಮಾತ್ರ ಅವನ ಕೈಗೆ ಒಲಿದೇ ಇರಲಿಲ್ಲ. ಹೊಡೆದವನು ಓಡಿ ಮೂರು ಬೇಸುಗಳನ್ನು ಸುತ್ತಿ, ಹೊರಟ ಜಾಗಕ್ಕೇ, ಅಂದರೆ 'ಮನೆ'ಗೆ ಮರಳಿದರೆ ಒಂದು ರನ್ನು; ಅಲೋಯ್ಸ್ ಮೊದಲ ಬೇಸ್ ಕಂಡದ್ದೇ ಅಪರೂಪ. ವೋಗೆಲ್ ಅವನನ್ನು ಯಾವಾಗಲೂ ಕಟ್ಟಕಡೆಗೆ ಕಳಿಸುತ್ತಿದ್ದ. "ಅಲೋಯ್ಸ್ ಹೋದ, ಬಿಯರ್ ತರೋದಿದ್ರೆ ಈಗಲೇ ತಂದ್ಬಿಡ್ರಪ್ಪಾ" ಎಂದು ಬೆಂಚುಗಳ ಮೇಲಿನವರು ಏಳುತ್ತಿದ್ದರು. ಅವನೂ ನಗುತ್ತಿದ್ದ.

ಆ ವಸಂತದಲ್ಲಿ ರೋಲಿ ಡೀಟ್ಸ್ ಕೊರಿಯಾದ ಯುದ್ಧದಿಂದ ಮರಳಿದ. ಅಲ್ಲಿನ ಹಿಮ ಅವನ ಎಡಗಾಲಿನ ಎರಡು ಬೆರಳು ತಿಂದಿತ್ತು. ಬಯಲಲ್ಲಿ ಚೆಂಡಿನ ಹಿಂದೆ ಓಡುವುದು ಅವನಿಂದ ಆಗದು. ನಿಂತಲ್ಲೇ ಆಡಬಹುದಾದ ಮೊದಲ ಬೇಸಿನ ಜಾಗ ಆಗಲೇ ಭರ್ತಿಯಾಗಿತ್ತು. ಉಳಿದದ್ದು ಒಂದೇ, ಕ್ಯಾಚರನ ಜಾಗ. ಆದರೆ ಬ್ಯಾಟು ಹಿಡಿದ ರೋಲಿಯನ್ನು ನೋಡಬೇಕಿತ್ತು! ಅವನು ಹೊಡೆದ ಚೆಂಡು ಬೇಲಿ ದಾಟಿ ಜೋಳದ ಹೊಲಕ್ಕೆ ಬೀಳುವಾಗ ಕಾಗೆಗಳ ಹಿಂಡೇ ಏಳುತ್ತಿತ್ತು. ವೋಗೆಲ್ ಅವನನ್ನು ಸಣ್ಣಪುಟ್ಟ ಆಟಗಳಿಗೆ ಇಳಿಸಿ, ದೊಡ್ಡ ಆಟಕ್ಕೆ ಅಲೋಯ್ಸನನ್ನೇ ಇಟ್ಟುಕೊಂಡಿದ್ದ. ಈಗ ಆ ತಕ್ಕಡಿ ಅಲೋಯ್ಸನ ಕೈಗೇ ಬಂತು. ಒಂದು ತಟ್ಟೆಯಲ್ಲಿ ರೋಲಿ, ಇನ್ನೊಂದರಲ್ಲಿ ತಾನೇ.

ಆ ವಾರವೆಲ್ಲ ಊರು ಅವನನ್ನು ಬಿಡಲಿಲ್ಲ. ಹಾಲು ಇಳಿಸಲು ಬಂದ ರೈತ ಕ್ಯಾನು ಕೆಳಗಿಡುವ ಮೊದಲೇ, "ಏನಯ್ಯಾ ಅಲೋಯ್ಸ್, ಮ್ಯಾನೇಜರ್ ಆದ್ಮೇಲೆ ನಿನ್ನ ಹೆಸರು ನೀನೇ ಮೊದಲು ಬರ್ಕೊಂಡ್ಯೋ?" ಎಂದ. ಹಿಟ್ಟಿನ ಗಿರಣಿಯಲ್ಲಿ ಇನ್ನೊಬ್ಬ, "ಗೆಲ್ಲೋಕೆ ರನ್ನು ಬೇಕಪ್ಪಾ. ಚೆಂಡು ಹಿಡಿದು ಹಿಡಿದು ಯಾರಾದ್ರೂ ಗೆದ್ದಿದ್ದುಂಟಾ?" ಎಂದ. ಅವರ ಮಾತಿನಲ್ಲಿ ವಿಷವಿರಲಿಲ್ಲ. ಆದರೂ ಅಲೋಯ್ಸ್ ಡೇರಿಗೆ ಹಿಂದಿನ ಬೀದಿಯಿಂದ ಹೋಗತೊಡಗಿದ.

ಪಿಚರ್ ಕ್ಲೀಟಸ್ ಮಾತ್ರ ಬೇರೆ ರಾಗ ತೆಗೆದ. ಕಲ್ಲುಗಣಿಯಲ್ಲಿ ಕೆಲಸ ಮಾಡುವ ಈ ಉದ್ದನೆಯ ಆಸಾಮಿ ಮಾತಾಡುವುದೇ ಅಪರೂಪ. ಅವನು ಎಸೆಯುವ ಒಂದು ಚೆಂಡಿತ್ತು. ನೇರವಾಗಿ ಬಂದು, ಬ್ಯಾಟುಗಾರನ ಮುಂದೆ ಧುತ್ತನೆ ಕೆಳಗಿಳಿದು ಮಣ್ಣಿಗೆ ಬಡಿಯುತ್ತಿತ್ತು. ಊರವರು ಅದಕ್ಕೆ 'ಬಾವಿ' ಎಂದು ಹೆಸರಿಟ್ಟಿದ್ದರು. ಬ್ಯಾಟುಗಾರರು ಒಬ್ಬರ ಹಿಂದೊಬ್ಬರು ಆ ಬಾವಿಗೆ ಬೀಳುತ್ತಿದ್ದರು.

ಶುಕ್ರವಾರ ಡೇರಿಯ ಹಿಂಬಾಗಿಲಿಗೆ ಬಂದು ನಿಂತು ಕ್ಲೀಟಸ್ ಹೇಳಿದ, "ನೋಡು, ರೋಲಿ ಕೂತ್ರೆ ನಾನು ಬಾವಿ ಹಾಕೋದು ಕಷ್ಟ."

"ಯಾಕೆ? ಅವನೂ ಹಿಡೀತಾನೆ."

"ಹಿಡೀಬಹುದು. ಹಿಡೀದೇನೂ ಇರಬಹುದು. ಮೂರನೇ ಬೇಸಲ್ಲಿ ಅವರವನೊಬ್ಬ ಕಾಯ್ತಾ ನಿಂತಿರೋವಾಗ, ಚೆಂಡು ಇವನ ಕಾಲ ಸಂದೀಲಿ ನುಗ್ಗಿ ಹೋದ್ರೆ ಅವನು ಸಲೀಸಾಗಿ ಮನೆಗೆ ಬಂದು ರನ್ನು ತಗೊಂಡು ಹೋಗ್ತಾನೆ. ಆ ಭಯ ಒಂದ್ಸಲ ಹೊಕ್ರೆ ನನ್ನ ಕೈ ಏಳಲ್ಲ ಮಾರಾಯ."

"ನಾನೇ ಕೂತ್ರೆ ಊರು ಏನನ್ನುತ್ತೆ ಗೊತ್ತಾ?"

"ಊರೇನು ಚೆಂಡು ಎಸೆಯುತ್ತಾ?" ಎಂದು ಹೇಳಿ ಕ್ಲೀಟಸ್ ಹೊರಟುಹೋದ.

ಶನಿವಾರ ಊಟಕ್ಕೆ ಕೂತಾಗ ಅಲೋಯ್ಸ್ ಆಲೂಗಡ್ಡೆ ಕಡುಬನ್ನು ತಟ್ಟೆಯಲ್ಲಿ ಅತ್ತಿಂದಿತ್ತ ಉರುಳಿಸುತ್ತಿದ್ದುದನ್ನು ಹೆಂಡತಿ ಇರ್ಮಾ ನೋಡಿದಳು.

"ತಿನ್ನು, ಅದು ಚೆಂಡಲ್ಲ," ಎಂದಳು.

"ನೀನೇ ಹೇಳು ಇರ್ಮಾ. ಯಾರನ್ನ ಹಾಕಲಿ?"

"ನನ್ನನ್ನ ಕೇಳ್ತಾ ಇರೋದು ಮ್ಯಾನೇಜರ್ರೋ, ಕ್ಯಾಚರ್ರೋ? ಕ್ಯಾಚರ್ ಆದ್ರೆ ಅವನಿಗೆ ಏನು ಬೇಕೂಂತ ನನಗೆ ಗೊತ್ತು. ಮ್ಯಾನೇಜರ್ ಆದ್ರೆ, ಅವನಿಗೆ ಜನ ಬೈತಾರೆ ಅಂತ ಹೆದರಿಕೆ. ಇಬ್ಬರಲ್ಲಿ ಒಬ್ಬನೂ ಆಟದ ಬಗ್ಗೆ ಯೋಚನೆ ಮಾಡ್ತಾ ಇಲ್ಲ."

ಅವಳು ಹೇಳಿದ್ದು ನಿಜವೆಂದು ಅವನಿಗೂ ಗೊತ್ತಿತ್ತು. ಆದರೂ ಭಾನುವಾರ ಪೂಜೆ ಮುಗಿಸಿ ಮೈದಾನಕ್ಕೆ ಬಂದಾಗ, 'ತನ್ನನ್ನು ತಾನೇ ಆರಿಸಿಕೊಂಡ' ಎಂಬ ಒಂದು ಮಾತಿಗೆ ಅಂಜಿ, ಅವನು ರೋಲಿಯ ಹೆಸರು ಕೂಗಿದ. ನಾಲ್ಕನೇ ಬ್ಯಾಟು, ಕ್ಯಾಚರನ ಜಾಗ. ಬೆಂಚುಗಳು ಹೋ ಎಂದವು. ಕ್ಲೀಟಸ್ ನೆಲ ನೋಡಿದ.

ಎದುರಾಳಿ ಎಲ್ಮ್ ಲೇಕ್. ಅವರದೂ ಇದೇ ಲೆಕ್ಕಾಚಾರ. ಅವರ ಕ್ಯಾಚರ್ ಹಾರ್ಲನ್ ಎಂಬವನು ಎತ್ತಿನಂಥ ಆಳು, ಹೊಡೆದರೆ ಚೆಂಡು ಸಿಗದು. ಬೆಂಚಿನ ಮೇಲೆ ಕೂತಿದ್ದ ಅಲೋಯ್ಸ್ ಅಭ್ಯಾಸಬಲದಿಂದ ಅವನನ್ನೇ ನೋಡುತ್ತಿದ್ದ. ಕೆಳಗೆ ಬಿದ್ದ ಚೆಂಡಿಗೆ ಹಾರ್ಲನ್ ಮಂಡಿಯೂರಿ ಮೈಯೊಡ್ಡುತ್ತಿರಲಿಲ್ಲ, ನೊಣ ಹೊಡೆಯುವವನ ಹಾಗೆ ಗ್ಲೌಸು ಬೀಸುತ್ತಿದ್ದ.

ಒಂಬತ್ತು ಇನ್ನಿಂಗ್ಸಿನ ಆಟ, ಪ್ರತಿಯೊಂದರಲ್ಲೂ ಎರಡೂ ಕಡೆಯವರಿಗೆ ಒಂದೊಂದು ಸಲ ಬ್ಯಾಟು, ಮೂವರು ಔಟಾದರೆ ಸರದಿ ಮುಗಿಯಿತು. ಮೂರನೇ ಇನ್ನಿಂಗ್ಸಿನಲ್ಲಿ ಇಬ್ಬರು ಬೇಸಿನ ಮೇಲಿದ್ದಾಗ ರೋಲಿ ಚೆಂಡನ್ನು ಜೋಳದ ಹೊಲಕ್ಕೆ ಕಳಿಸಿದ. ಒಂದೇ ಹೊಡೆತಕ್ಕೆ ಮೂರು ರನ್ನು. ಟೋಪಿಗಳು ಹಾರಿದವು. ಒಬ್ಬ ಮುದುಕ ಅಲೋಯ್ಸನ ಬೆನ್ನಿಗೆ ಗುದ್ದಿ, "ನೀನು ದೊಡ್ಡ ಮನುಷ್ಯ ಕಣಯ್ಯಾ, ಸರಿಯಾದ ಕೆಲಸ ಮಾಡ್ದೆ!" ಎಂದ. ಅಲೋಯ್ಸನ ಎದೆ ಹಗುರಾಯಿತು. ಅದರ ಬೆನ್ನಿಗೇ ಸಣ್ಣದೊಂದು ಮುಳ್ಳು ಚುಚ್ಚಿತು. ತಾನಿಲ್ಲದೆಯೂ ಆಟ ಎಷ್ಟು ಚೆನ್ನಾಗಿ ನಡೆಯುತ್ತಿದೆ!

ಕೆಟ್ಟದ್ದು ಶುರುವಾಗಿದ್ದು ಐದನೆಯದರಲ್ಲಿ. ಎಲ್ಮ್ ಲೇಕಿನ ಇಬ್ಬರು ಔಟಾಗಿದ್ದರು, ಅವರವನೊಬ್ಬ ಮೂರನೇ ಬೇಸಿನಲ್ಲಿದ್ದ. ಕ್ಲೀಟಸ್ ಬಾವಿ ಹಾಕಿದ. ಬ್ಯಾಟುಗಾರ ಮೂರನೇ ಸಲ ಬೀಸಿ ತಪ್ಪಿದ. ಮೂರು ಸಲ ತಪ್ಪಿದರೆ ಔಟು, ನಿಜ. ಆದರೆ ಆ ಕೊನೇ ಚೆಂಡನ್ನು ಕ್ಯಾಚರ್ ಹಿಡಿದಿದ್ದರೆ ಮಾತ್ರ. ಹಿಡಿಯದೆ ಹೋದರೆ ಬ್ಯಾಟುಗಾರ ಮೊದಲ ಬೇಸಿಗೆ ಓಡಬಹುದು, ಚೆಂಡು ಅಲ್ಲಿಗೆ ಬರುವ ಮೊದಲೇ ಮುಟ್ಟಿದರೆ ಬಚಾವು. ಚೆಂಡು ರೋಲಿಯ ಕಾಲಡಿ ನುಸುಳಿ ಹಿಂದಿನ ಹಲಗೆ ಬೇಲಿಗೆ ಬಡಿಯಿತು. ಬೆರಳಿಲ್ಲದ ಕಾಲನ್ನೆಳೆದುಕೊಂಡು ರೋಲಿ ಅದನ್ನು ಹೆಕ್ಕುವಷ್ಟರಲ್ಲಿ ಮೂರನೇ ಬೇಸಿನವನು ಮನೆ ಮುಟ್ಟಿದ್ದ, ಬ್ಯಾಟುಗಾರ ಮೊದಲ ಬೇಸಿನಲ್ಲಿ ನಗುತ್ತ ನಿಂತಿದ್ದ. ಮುಗಿಯಬೇಕಿದ್ದ ಇನ್ನಿಂಗ್ಸ್ ಮುಗಿಯಲಿಲ್ಲ. ಹಿಂದೆಯೇ ಬಂದವನೊಬ್ಬ ಬಲವಾಗಿ ಹೊಡೆದು ಇನ್ನೊಂದು ರನ್ನು ತಂದ.

ಆಮೇಲೆ ಕ್ಲೀಟಸ್ ಬಾವಿ ಹಾಕುವುದನ್ನೇ ಬಿಟ್ಟ. ನೇರ ಚೆಂಡು, ಮತ್ತೆ ನೇರ ಚೆಂಡು. ರೋಲಿ ಬೆರಳಲ್ಲಿ ಬಾವಿಯ ಸನ್ನೆ ಮಾಡಿದರೂ ಕ್ಲೀಟಸ್ ಬೇಡವೆಂದು ತಲೆಯಾಡಿಸಿಬಿಡುತ್ತಿದ್ದ. ಅಲ್ಲಿ ಕೂತ ಜನಕ್ಕೆ ಇದು ಕಾಣಲಿಲ್ಲ, ಏಕೆಂದರೆ ಎಸೆಯದ ಚೆಂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಅಲೋಯ್ಸನಿಗೆ ಮಾತ್ರ ಅದೊಂದೇ ಕಾಣುತ್ತಿತ್ತು. ರೋಲಿ ಕೈಬಿಟ್ಟ ಚೆಂಡು ಒಂದೇ. ಅದು ಕಸಿದುಕೊಂಡ ಚೆಂಡುಗಳಿಗೆ ಲೆಕ್ಕವಿರಲಿಲ್ಲ.

ಏಳನೆಯದರಲ್ಲಿ ಎಲ್ಮ್ ಲೇಕ್ ಸಮ ಮಾಡಿತು, ಮೂರು ಮೂರು. ಅದೇ ಇನ್ನಿಂಗ್ಸಿನಲ್ಲಿ ರೋಲಿ ಮತ್ತೆ ಹೊಡೆದು ಒಂದು ರನ್ನು ತಂದುಕೊಟ್ಟ, ನಾಲ್ಕು ಮೂರು. ತಕ್ಕಡಿಯ ಎರಡು ತಟ್ಟೆಯೂ ಅವನೇ ಆಗಿದ್ದ, ಕೊಡುವವನೂ ಅವನೇ, ಕಳೆಯುವವನೂ ಅವನೇ.

ಎಂಟನೇ ಇನ್ನಿಂಗ್ಸ್. ಎಲ್ಮ್ ಲೇಕಿನವರು ಎರಡನೇ ಬೇಸಿನಲ್ಲೊಬ್ಬ, ಮೂರನೇ ಬೇಸಿನಲ್ಲೊಬ್ಬ. ಔಟಾದವನು ಒಬ್ಬನೇ. ಕ್ಲೀಟಸ್ ಬೆಂಚಿನ ಕಡೆ ತಿರುಗಿ ನೋಡಿದ. ಕೈ ಬೀಸಲಿಲ್ಲ, ಕರೆಯಲಿಲ್ಲ, ಬರಿದೇ ನೋಡಿದ.

ಅಲೋಯ್ಸ್ ಎದೆಗವಚ ಕಟ್ಟಿಕೊಂಡು ಎದ್ದ.

ಬೆಂಚುಗಳಿಂದ ಕಲ್ಲಿನ ಹಾಗೆ ಮಾತುಗಳು ಬಿದ್ದವು. "ಕೂತ್ಕೊಳ್ಳೋ!" "ಹೊಡಿಯೋನನ್ನ ತೆಗೀತಿದ್ದಾನಲ್ಲಪ್ಪೋ, ತಲೆ ಕೆಟ್ಟಿದೆಯಾ ಇವನಿಗೆ!" "ನೋಡಿದ್ರಾ, ಕೊನೆಗೂ ಆಸೆ ತಡೀಲಿಲ್ಲ!"

ರೋಲಿ ಮುಖಕವಚ ತೆಗೆದ. ಅವನ ಮುಖ ಕೆಂಪಾಗಿತ್ತು. "ನನ್ನ ಬ್ಯಾಟಿಂದ ಬಂದ ರನ್ನು ಇವೆಲ್ಲ. ನನ್ನನ್ನೇ ತೆಗೀತೀರಾ? ಒಂದ್ಸಲ ಹೊರಗೆ ಹೋದ್ರೆ ಮತ್ತೆ ಒಳಗೆ ಬರೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು."

"ಒಂಬತ್ತನೇದ್ರಲ್ಲಿ ನನ್ನ ಬ್ಯಾಟು ಬೇಕಾದ್ರೆ?"

"ಆಗ ನಿನ್ನ ಜಾಗದಲ್ಲಿ ನಾನೇ ಹೋಗ್ಬೇಕು. ಬೈಸಿಕೊಳ್ಳೋನೂ ನಾನೇ," ಎಂದ ಅಲೋಯ್ಸ್. ರೋಲಿ ಗ್ಲೌಸನ್ನು ನೆಲಕ್ಕೆ ಅಪ್ಪಳಿಸಿ, ಕುಂಟುತ್ತ ಹೋಗಿ ಬೆಂಚಿನ ತುದಿಯಲ್ಲಿ ಬೆನ್ನು ಮಾಡಿ ಕೂತ.

ಅಲೋಯ್ಸ್ ಕುಕ್ಕರಿಸಿದ. ಮಂಡಿ ಕಟ್ ಎಂದಿತು. ಅವನು ಬಾವಿಯ ಸನ್ನೆ ಮಾಡಿದ. ಕ್ಲೀಟಸ್ ಒಪ್ಪಿ ತಲೆದೂಗಿದ, ಎಸೆದ, ಬ್ಯಾಟುಗಾರ ಬಿದ್ದ. ಮತ್ತೆ ಬಾವಿ, ಮತ್ತೆ ಬಿದ್ದ. ಮೂರನೆಯದೂ ಅದೇ. ಎರಡು ಔಟು. ಮುಂದಿನವನಿಗೂ ಅದೇ ಊಟ. ಅವನಿಗೆ ಹಾಕಿದ ಕೊನೇ ಚೆಂಡು ಮಣ್ಣಲ್ಲಿದ್ದ ಹೆಂಟೆಯೊಂದಕ್ಕೆ ಬಡಿದು ಪಕ್ಕಕ್ಕೆ ಸಿಡಿಯಿತು. ಅಲೋಯ್ಸ್ ಯೋಚಿಸಲಿಲ್ಲ. ಎರಡೂ ಮಂಡಿ ನೆಲಕ್ಕೆ ಬಿಟ್ಟು, ಗದ್ದ ಎದೆಗೊತ್ತಿ, ಇಡೀ ಮೈಯನ್ನೇ ಬೇಲಿ ಮಾಡಿದ. ಚೆಂಡು ಬಲಗೈ ಹೆಬ್ಬೆರಳಿಗೆ ಬಡಿದು ಕಾಲ ಮುಂದೆಯೇ ಸತ್ತುಬಿತ್ತು. ಬೀಸಿ ತಪ್ಪಿದ್ದ ಬ್ಯಾಟುಗಾರ ಓಡಲು ಹೊರಡುವ ಮೊದಲೇ ಅದನ್ನೆತ್ತಿ ಅವನ ಮೈಗೆ ತಾಗಿಸಿದ. ಮೂರು ಔಟು.

ಬೆಂಚಿಗೆ ಬಂದು ನೋಡಿಕೊಂಡರೆ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಯಾರಿಗೂ ತೋರಿಸಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಅಲೋಯ್ಸನಿಗೆ ಊರಿನ ಹಾರ ಬೀಳುತ್ತಿತ್ತು. ಒಂಬತ್ತನೆಯದರಲ್ಲಿ ಅವರ ಹಾರ್ಲನ್ ಬ್ಯಾಟಿಗೆ ಬಂದ. ಇವನು ಈಗ ಬಾವಿಗೇ ಕಾಯುತ್ತಿದ್ದಾನೆ, ನೇರ ಚೆಂಡು ಹಾಕಿ ಬೇಸ್ತು ಬೀಳಿಸೋಣ ಎಂದುಕೊಂಡ ಅಲೋಯ್ಸ್. ಬೆರಳಾಡಿಸಿದ. ಕ್ಲೀಟಸ್ ಕ್ಷಣ ಹೊತ್ತು ನೋಡಿ, ಒಪ್ಪಿ ಎಸೆದ. ಹಾರ್ಲನ್ ಅದಕ್ಕೇ ಕಾದಿದ್ದವನ ಹಾಗೆ ಹೊಡೆದ. ಚೆಂಡು ಬೇಲಿ, ರಸ್ತೆ, ರಸ್ತೆಯಾಚೆಯ ಲಾರಿ ಎಲ್ಲ ದಾಟಿಹೋಯಿತು. ನಾಲ್ಕು ನಾಲ್ಕು. ಈ ತಪ್ಪು ರೋಲಿಯದಲ್ಲ, ಕ್ಲೀಟಸನದೂ ಅಲ್ಲ. ಒಳ್ಳೇ ಕೈಯೆಂದು ಹೆಸರಾದವನ ತಲೆಯದು.

"ತಪ್ಪು ನಂದು," ಎಂದ ಅಲೋಯ್ಸ್.

"ಎಸೆದವನು ನಾನು. ಉಳಿದಿದ್ದು ನೋಡು," ಎಂದ ಕ್ಲೀಟಸ್, ಮತ್ತೆ ಯಾರಿಗೂ ಮನೆ ಮುಟ್ಟಲು ಬಿಡಲಿಲ್ಲ.

ಇನ್ನಿಂಗ್ಸಿನ ಕೊನೆಯ ಅರ್ಧ ಸೇಂಟ್ ಓಡಿಲಾದ್ದು, ಬ್ಯಾಟು ಈಗ ಇವರ ಕೈಯಲ್ಲಿ. ಮೊದಲಿನವನು ಔಟಾದ. ಎರಡನೆಯವನು ಹೊಡೆದು ಎರಡನೇ ಬೇಸಿಗೆ ಹೋದ. ಮುಂದಿನವನು ಔಟಾದರೂ ಅವನನ್ನು ಮೂರನೇ ಬೇಸಿಗೆ ತಲುಪಿಸಿದ. ಎರಡು ಔಟು, ಗೆಲುವಿನ ರನ್ನು ಮನೆಯ ಹೊಸಿಲಲ್ಲಿ. ಬ್ಯಾಟಿಗೆ ಬಂದವನು ಮೊದಲ ಬೇಸಿನ ಲ್ಯಾಂಬರ್ಟ್, ಒಳ್ಳೆಯ ಹೊಡೆತಗಾರ. ಆಗ ಎಲ್ಮ್ ಲೇಕಿನವರು ಮಾಡಿದ್ದನ್ನು ನೋಡಿ ಬೆಂಚುಗಳು ನರಳಿದವು. ಬೇಕೆಂದೇ ನಾಲ್ಕು ಚೆಂಡನ್ನು ದೂರ ದೂರ ಎಸೆದು ಲ್ಯಾಂಬರ್ಟನನ್ನು ಪುಕ್ಕಟೆಯಾಗಿ ಮೊದಲ ಬೇಸಿಗೆ ಕಳಿಸಿಬಿಟ್ಟರು. ಅವನ ಹಿಂದೆ ರೋಲಿ ಇದ್ದಿದ್ದರೆ ಅವರಿಗೆ ಆ ಧೈರ್ಯ ಬರುತ್ತಿರಲಿಲ್ಲ. ಈಗ ಇದ್ದದ್ದು ಅಲೋಯ್ಸ್.

"ಬಾ ತಾತ," ಎಂದ ಹಾರ್ಲನ್ ಮುಖಕವಚದೊಳಗಿಂದ. "ಬೇಗ ಮುಗಿಸೋಣ, ದಾರಿ ದೂರ ಇದೆ."

ಬಿಯರ್ ತರಲು ಯಾರೂ ಏಳಲಿಲ್ಲ. ಅಲೋಯ್ಸನಿಗೆ ಬ್ಯಾಟಿನ ಮೇಲೆ ಹೆಬ್ಬೆರಳು ಮಡಿಸಲಾಗಲಿಲ್ಲ, ಉಳಿದ ಬೆರಳುಗಳಲ್ಲೇ ಬಿಗಿ ಹಿಡಿದ. ಮೊದಲ ಚೆಂಡು ನೇರ, ನೋಡುತ್ತ ನಿಂತ; ಹೊಡೆಯಬಹುದಾದದ್ದನ್ನು ಬಿಟ್ಟರೂ ತಪ್ಪೇ. ಒಂದು. ಎರಡನೆಯದಕ್ಕೆ ಬೀಸಿದ, ಬ್ಯಾಟಿನ ತುದಿಗೆ ತಾಗಿ ಗೆರೆಯಾಚೆ ಹೋಯಿತು, ಅದೂ ತಪ್ಪಿನ ಲೆಕ್ಕಕ್ಕೇ. ಎರಡು. ನೋವು ತೋಳಿನವರೆಗೂ ಮಿಂಚಿ ಕಣ್ಣು ಮಂಜಾಯಿತು. ಮೂರನೆಯದು ಪಿಚರನ ಕೈಯಿಂದ ಮಧ್ಯಕ್ಕೇ ಹೊರಟಿತು. 'ಬಂತು' ಎಂದುಕೊಂಡು ಇದ್ದ ಬಲವನ್ನೆಲ್ಲ ಹಾಕಿ ಬೀಸಿದ. ಚೆಂಡು ಕೆಳಗಿಳಿದು ಮಣ್ಣಿಗೆ ಬಿತ್ತು. ಬ್ಯಾಟು ಬರಿಗಾಳಿಯನ್ನು ಸೀಳಿತು.

ಸೇಂಟ್ ಓಡಿಲಾ ಅಯ್ಯೋ ಎಂದಿತು. ಎಲ್ಮ್ ಲೇಕಿನ ಆಟಗಾರರು ಕೈಯೆತ್ತಿ ಕುಣಿದರು.

ಆದರೆ ಅಲೋಯ್ಸನ ಕಿವಿಗೆ ಬೀಳಬೇಕಿದ್ದ ಸದ್ದು ಬೀಳಲಿಲ್ಲ. ಚೆಂಡು ಗ್ಲೌಸಿನಲ್ಲಿ ಕೂರುವ ಆ 'ಥಪ್' ಅನ್ನು ಅವನು ತನ್ನ ಅರ್ಧ ಆಯುಷ್ಯ ಕೇಳಿದ್ದ. ಈಗ ಕೇಳಿದ್ದು ಚರ್ಮ ಸವರಿಹೋದ ಸದ್ದು, ಅದರ ಹಿಂದೆ ಹಲಗೆಗೆ ಬಡಿದ ಸದ್ದು. ತಿರುಗಿ ನೋಡದೆ ಅವನು ಓಡಿದ.

ಹಾರ್ಲನ್ ಮಂಡಿಯೂರದೆ ಗ್ಲೌಸು ಬೀಸಿದ್ದ. ಚೆಂಡು ಬೇಲಿಯ ಬುಡದಲ್ಲಿತ್ತು. ಮೂರನೇ ಬೇಸಿನವನು ಆಗಲೇ ಮನೆ ಮುಟ್ಟಿದ್ದ, ಆದರೆ ಅಲೋಯ್ಸ್ ಮೊದಲ ಬೇಸ್ ಮುಟ್ಟದಿದ್ದರೆ ಆ ರನ್ನಿಗೆ ಬೆಲೆಯಿಲ್ಲ. ಮೂವತ್ತಾರು ವರ್ಷದ ಆ ಮಂಡಿಗಳು ಅಷ್ಟು ದೂರ ಅಷ್ಟು ಜೋರಾಗಿ ಯಾವತ್ತೂ ಓಡಿರಲಿಲ್ಲ. ಕಾಲ ಕೆಳಗೆ ನೆಲವೇ ಹಿಂದಕ್ಕೆ ಜಾರಿದಂತೆ ಕಂಡಿತು. ಎದುರಿಗೆ ಬೇಸ್ ಕಾಯುವವನು ಕೈ ಚಾಚಿ ನಿಂತದ್ದು ಕಂಡಿತು, ಅವನ ಕಣ್ಣು ಅಲೋಯ್ಸನ ತಲೆಯ ಮೇಲಿಂದ ಬರುತ್ತಿದ್ದ ಯಾವುದನ್ನೋ ಹಿಂಬಾಲಿಸುತ್ತಿದ್ದದ್ದು ಕಂಡಿತು. ಬೆಂಚಿನ ತುದಿಯಿಂದ ಒಂದು ದನಿ, ರೋಲಿಯದು, ಗಂಟಲು ಹರಿಯುವ ಹಾಗೆ ಕೂಗಿತು, "ಬೀಳಿ! ಮುಂದಕ್ಕೆ ಬೀಳಿ!"

ಅಲೋಯ್ಸ್ ಬಿದ್ದ. ಬಾಯಿ ತುಂಬ ಮಣ್ಣು. ಅಂಗೈ ಕೆಳಗೆ ಬೇಸಿನ ಒರಟು ಬಟ್ಟೆ. ತಲೆಯ ಮೇಲೆ, ಒಂದು ರೆಪ್ಪೆ ಬಡಿಯುವಷ್ಟು ತಡವಾಗಿ, 'ಥಪ್'.

ಅಂಪೈರ್ ಎರಡೂ ಕೈ ಅಡ್ಡಕ್ಕೆ ಚಾಚಿದ. ಔಟಲ್ಲ.

ಊರಿನ ಜನ ಬೇಲಿ ಹಾರಿ ಬಂದರು. ಬೈದವರೇ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. "ಮೂರು ಸಲ ತಪ್ಪಿ ಗೆಲ್ಲಿಸಿದವನು ಜಗತ್ತಲ್ಲಿ ಇವನೊಬ್ಬನೇ ಕಣ್ರೋ!" ಎಂದು ಅರಚಿದರು. ಅಲೋಯ್ಸ್ ಬಾಯಿಯ ಮಣ್ಣು ಉಗುಳಿ ನಕ್ಕ.

ಸಂಜೆ ಇರ್ಮಾ ಅವನ ಹೆಬ್ಬೆರಳನ್ನು ತಣ್ಣೀರಲ್ಲಿ ಅದ್ದಿ ಹಿಡಿದಿದ್ದಾಗ ಅವನು ಹೇಳಿದ, "ನಾನು ಬೀಸಲೇಬಾರದಿತ್ತು, ಗೊತ್ತಾ? ಮಣ್ಣಿಗೆ ಬಿದ್ದ ಚೆಂಡಿಗೆ ಬೀಸದೇ ಇದ್ರೆ ಅದು ತಪ್ಪಿನ ಲೆಕ್ಕಕ್ಕೆ ಬರಲ್ಲ. ಸುಮ್ನೆ ನಿಂತಿದ್ರೂ ಆ ಚೆಂಡು ಹಾರ್ಲನ್‌ಗೆ ಸಿಗ್ತಿರಲಿಲ್ಲ. ನಮ್ಮವನು ನಡ್ಕೊಂಡು ಮನೆ ಸೇರ್ತಿದ್ದ, ನಾನು ಓಡೋದೇ ಬೇಕಿರಲಿಲ್ಲ."

"ಇದನ್ನ ಹೊರಗೆ ಯಾರಿಗೂ ಹೇಳ್ಬೇಡ," ಎಂದಳು ಇರ್ಮಾ. "ಒಂದು ವಾರವಾದ್ರೂ ಬುದ್ಧಿವಂತ ಅನ್ನಿಸ್ಕೋ."

ಮೂಳೆ ಮುರಿದಿತ್ತು. ರಾಜ್ಯದ ಪಂದ್ಯಾವಳಿಯಲ್ಲಿ ರೋಲಿಯೇ ಕ್ಯಾಚರ್ ಆದ. ಎರಡು ಸಲ ಚೆಂಡನ್ನು ಬೇಲಿ ದಾಟಿಸಿದ. ಕೆಳಗೆ ಬಿದ್ದ ಚೆಂಡುಗಳು ಮತ್ತೆ ಅವನ ಕಾಲ ಸಂದಿಯಲ್ಲಿ ನುಗ್ಗಿದವು. ಮೊದಲ ಆಟದಲ್ಲೇ ಸೋತು ಸೇಂಟ್ ಓಡಿಲಾ ಊರಿಗೆ ಮರಳಿತು. ಬರುವಾಗ ಕಾರಿನಲ್ಲಿ ಯಾರೂ ರೋಲಿಯನ್ನು ಏನೂ ಅನ್ನಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು.

ಮೊದಲ ಹಿಮ ಬಿದ್ದ ಮೇಲೆ ಅವನು ಡೇರಿಗೆ ಬಂದ. ಟೋಪಿ ಕೈಯಲ್ಲಿತ್ತು.

"ನಿಮ್ಮ ಮೇಲೆ ನನಗಿನ್ನೂ ಸಿಟ್ಟು ಹೋಗಿಲ್ಲ," ಎಂದ.

"ಇರಲಿ, ಇಟ್ಕೋ."

"ಆ ಬಾವಿ ಚೆಂಡು... ಅದಕ್ಕೆ ಮೈ ಹೇಗೆ ಕೊಡೋದು? ನನ್ನ ಎಡಗಾಲು ನೆಲ ಹಿಡಿಯಲ್ಲ."

ಅಲೋಯ್ಸ್ ಬೆಣ್ಣೆಯ ಕೈ ಒರೆಸಿಕೊಂಡು ಅವನ ಬೂಟನ್ನು ನೋಡಿದ. "ಎಡಗಾಲನ್ನ ನಂಬಬೇಡ ಹಾಗಾದ್ರೆ. ಚೆಂಡು ಬಿಡೋಕೆ ಮುಂಚೇನೇ ಆ ಮಂಡಿ ನೆಲದ ಮೇಲಿರಲಿ. ಕೂತು ತೋರಿಸು."

ಖಾಲಿ ಕ್ಯಾನುಗಳ ಕೋಣೆಯಲ್ಲಿ ಆ ಚಳಿಗಾಲವೆಲ್ಲ ಕ್ಲೀಟಸ್ ಎಸೆದ, ರೋಲಿ ಬಿದ್ದ, ಅಲೋಯ್ಸ್ ಬೈದ. ರೋಲಿ ಅಲೋಯ್ಸನಷ್ಟು ಪಳಗಲಿಲ್ಲ, ಎಂದೂ ಪಳಗಲಿಲ್ಲ. ಆದರೆ ಕ್ಲೀಟಸ್ ಭಯವಿಲ್ಲದೆ ಎಸೆಯುವಷ್ಟು ಪಳಗಿದ, ಅಷ್ಟು ಸಾಕಾಗಿತ್ತು. ಮುಂದಿನ ಬೇಸಿಗೆಯಲ್ಲಿ ಮ್ಯಾನೇಜರ್ ಅಲೋಯ್ಸ್ ದೊಡ್ಡ ಆಟಗಳಿಗೂ ಅವನ ಹೆಸರನ್ನೇ ಕೂಗಿದ. ಈ ಸಲ ಯಾರ ಮಾತಿಗೂ ಅಂಜಿ ಕೂಗಿದ್ದಲ್ಲ.

ಅಲೋಯ್ಸ್ ಮತ್ತೆ ಹೆಚ್ಚು ಆಡಲಿಲ್ಲ, ಟೀಮನ್ನು ಮಾತ್ರ ಬಹಳ ಕಾಲ ನೋಡಿಕೊಂಡ. ಕ್ಲೀಟಸನ ತೋಳು ಸೋತ ಮೇಲೆ ಬಂದ ಪಿಚರ್ ಬರೀ ನೇರ ಚೆಂಡಿನವನು, ಅವನಿಗೆ ಯಾರು ಕೂತರೂ ನಡೆಯುತ್ತಿತ್ತು. ಆಗ ಅಲೋಯ್ಸ್ ಕಣ್ಣು ಮುಚ್ಚಿಕೊಂಡು ಹೊಡೆತಗಾರನನ್ನೇ ಆರಿಸಿದ. ಇದನ್ನು ಕಂಡು, ಹೋಟೆಲಿನಲ್ಲಿ ಇಸ್ಪೀಟಿಗೆ ಸೇರುತ್ತಿದ್ದವರು ಅವನನ್ನು ಕೆಣಕುತ್ತಿದ್ದರು. "ಏನಯ್ಯಾ, ಈಗ ಪಕ್ಷ ಬದಲಾಯಿಸಿದ್ಯಾ? ಕೈಯೇ ದೊಡ್ಡದು ಅಂತಿದ್ದೆ?"

"ನಾನು ಹಾಗೆ ಯಾವತ್ತೂ ಅಂದಿಲ್ಲ," ಅನ್ನುತ್ತಿದ್ದ ಅಲೋಯ್ಸ್. "ಮೊದಲು ಎಸೆಯೋನು ಯಾರು ಅಂತ ಹೇಳಿ, ಆಮೇಲೆ ಹಿಡಿಯೋನು ಯಾರು ಅಂತ ನಾನು ಹೇಳ್ತೀನಿ."

ಜನ ಒಪ್ಪುತ್ತಿರಲಿಲ್ಲ. ಮೇಜು ಗುದ್ದಿ ವಾದಕ್ಕಿಳಿಯುತ್ತಿದ್ದರು. ಅವನು ವಕ್ರವಾಗಿ ಕೂಡಿಕೊಂಡ ಹೆಬ್ಬೆರಳಲ್ಲಿ ಇಸ್ಪೀಟು ಎಲೆ ಹಿಡಿಯಲಾರದೆ, ಎಡಗೈಯಲ್ಲೇ ಹಂಚುತ್ತ, "ಆಯ್ತು, ಆಯ್ತು, ಎಲೆ ನೋಡ್ಕೊಳ್ಳಿ," ಅನ್ನುತ್ತಿದ್ದ.